ಕುದುರೆ ವಿಕಾಸದ ಅಚ್ಚುಗಳ ಸೆಟ್: ಹಲ್ಲುಗಳಿಗೆ ಪೂರ್ತಿ ಅಂಕ, ಹಲಗೆಗೆ ಸೊನ್ನೆ

ಐದು ಮುಂಗಾಲು, ಐದು ಹಲ್ಲು, ಐದು ತಲೆಬುರುಡೆ, ಎರಡು ಪಾದದ ಮೂಳೆ, ಇವನ್ನೆಲ್ಲ ಸಾಲಾಗಿ ಕೂರಿಸಲು ಒಂದು ಮರದ ಹಲಗೆ, ಜೊತೆಗೆ ಒಂದು ಚಾರ್ಟು ಮತ್ತು ಸಣ್ಣ ಕೈಪಿಡಿ. ಪಳೆಯುಳಿಕೆಗಳಿಂದ ಅಚ್ಚು ತೆಗೆದು ರೆಸಿನ್‌ನಲ್ಲಿ ಎರಕ ಹೊಯ್ದ ಕುದುರೆ ವಿಕಾಸದ ಸೆಟ್ ಇದು. ಇದೇ ತರಹದ ಸೆಟ್ ಹಲವರು ಮಾಡುತ್ತಾರೆ, ಒಳಗಿರುವ ಸಾಮಾನೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ತಯಾರಕರ ಹೆಸರು ಬರೆಯುತ್ತಿಲ್ಲ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ತರಿಸಿಕೊಳ್ಳಿ, ಖಂಡಿತ ತರಿಸಿಕೊಳ್ಳಿ. ಆದರೆ ತುಂಡುಗಳನ್ನು ಹಲಗೆಯಿಂದ ಬಿಚ್ಚಿ ಇಡಿ. ಚಾರ್ಟನ್ನು ಗೋಡೆಗೆ ಹಾಕಬೇಡಿ.

ಯಾಕೆ ಅಂತ ಹೇಳುವ ಮೊದಲು ಕಾಲುಗಳ ವಿಷಯಕ್ಕೆ ಬರೋಣ. ಪೆಟ್ಟಿಗೆ ತೆಗೆದ ಕೂಡಲೇ ಎಲ್ಲರ ಕೈ ಹೋಗುವುದು ಅಲ್ಲಿಗೇ.

ಮೊದಲನೆಯದು ಸುಮಾರು 5.5 ಕೋಟಿ ವರ್ಷ ಹಿಂದಿನ ಇಯೋಹಿಪ್ಪಸ್‌ದು. ಅಂಗೈ ಮೇಲೆ ಆರಾಮಾಗಿ ಕೂರುವಷ್ಟು ಪುಟ್ಟ ಕಾಲು, ಅದರಲ್ಲಿ ನಾಲ್ಕು ಬೆರಳು. ಇಲ್ಲೇ ಮೊದಲ ಗೊಂದಲ ಶುರು. ಕುದುರೆ, ಘೇಂಡಾಮೃಗ, ಟೇಪಿರ್ (ಪುಟ್ಟ ಸೊಂಡಿಲಿನ, ಹಂದಿಯಂತೆ ಕಾಣುವ ಪ್ರಾಣಿ) ಇವೆಲ್ಲ ಬೆಸ ಸಂಖ್ಯೆಯ ಬೆರಳಿನ ಗೊರಸು ಪ್ರಾಣಿಗಳು ಅಂತ ಕೈಪಿಡಿಯ ಮೊದಲ ಪುಟದಲ್ಲಿ ಬರೆದು, ಮೊದಲ ಅಚ್ಚಿನಲ್ಲೇ ನಾಲ್ಕು ಬೆರಳು ಕೊಟ್ಟರೆ ನೋಡುವವರು ಏನು ಅಂದುಕೊಳ್ಳಬೇಕು? ಉತ್ತರ ಅಚ್ಚಿನಲ್ಲೇ ಇದೆ, ಕೈಪಿಡಿಯಲ್ಲಿ ಇಲ್ಲ. ಬೆರಳು ಎಷ್ಟು ಅನ್ನುವುದಲ್ಲ ಇಲ್ಲಿ ಮುಖ್ಯ, ಮೈಭಾರ ಎಲ್ಲಿಂದ ಇಳಿಯುತ್ತದೆ ಅನ್ನುವುದು. ಈ ಗುಂಪಿನಲ್ಲಿ ಭಾರ ಮೂರನೆಯ ಬೆರಳಿನ, ಅಂದರೆ ನಮ್ಮ ಮಧ್ಯದ ಬೆರಳಿನ ಮೂಲಕ ನೇರ ಕೆಳಗೆ ಇಳಿಯುತ್ತದೆ. ಹಸು, ಜಿಂಕೆ, ಹಂದಿಗಳಲ್ಲಿ ಅದು ಮೂರು ಮತ್ತು ನಾಲ್ಕನೆಯ ಬೆರಳುಗಳ ನಡುವೆ ಹಾದುಹೋಗುತ್ತದೆ. ಇಯೋಹಿಪ್ಪಸ್ ಕಾಲನ್ನು ಹಿಡಿದು ನೋಡಿ, ನಾಲ್ಕರಲ್ಲಿ ಒಂದು ಬೆರಳು ಉಳಿದವಕ್ಕಿಂತ ದಪ್ಪಗಿದೆ, ಅದೇ ಮಧ್ಯದ್ದು. ಇದರ ಹಿಂಗಾಲಲ್ಲಿ ಮೂರೇ ಬೆರಳು ಇದ್ದವು, ಆದರೆ ಸೆಟ್‌ನಲ್ಲಿ ಹಿಂಗಾಲು ಕೊಟ್ಟಿಲ್ಲ. ಇವತ್ತಿನ ಟೇಪಿರ್‌ಗೂ ಹೀಗೇ, ಮುಂದೆ ನಾಲ್ಕು ಹಿಂದೆ ಮೂರು. ಇಂಗ್ಲೆಂಡಿನ ಅಂಗರಚನಾ ತಜ್ಞ ರಿಚರ್ಡ್ ಓವೆನ್ 1848ರಲ್ಲಿ ಈ ಗುಂಪಿಗೆ ಬೆಸ ಬೆರಳು ಅನ್ನುವ ಅರ್ಥದ ಹೆಸರು ಕೊಟ್ಟಿದ್ದು. ಅಂದಿನಿಂದ ಬೆರಳು ಎಣಿಸುವ ಅಭ್ಯಾಸ ಪಠ್ಯಪುಸ್ತಕಗಳಲ್ಲಿ ಉಳಿದುಬಿಟ್ಟಿದೆ. ಕೈಪಿಡಿ ಬರೆದವರು ಎರಡು ಸಾಲು ಜಾಸ್ತಿ ಬರೆದಿದ್ದರೆ ಸಾಕಿತ್ತು.

ಎರಡನೆಯದು ಮೀಸೋಹಿಪ್ಪಸ್, ಸುಮಾರು 3.5 ಕೋಟಿ ವರ್ಷ ಹಿಂದಿನದು. ಮುಂಗಾಲಲ್ಲೂ ಮೂರೇ ಬೆರಳು. ಮೂರೂ ನೆಲಕ್ಕೆ ತಾಗುತ್ತಿದ್ದವು. ಮೂರನೆಯದು ಸುಮಾರು 1.5 ಕೋಟಿ ವರ್ಷ ಹಿಂದಿನ ಮೆರಿಕಿಪ್ಪಸ್. ನನಗೆ ಇಡೀ ಸೆಟ್‌ನಲ್ಲಿ ತುಂಬಾ ಇಷ್ಟವಾದ ಕಾಲು ಇದು. ಬೆರಳು ಮೂರೇ, ಆದರೆ ಪಕ್ಕದ ಎರಡು ಮೇಲಕ್ಕೆ ಸರಿದಿವೆ. ನಿಂತಾಗ ಅವು ನೆಲ ಮುಟ್ಟುತ್ತಿರಲಿಲ್ಲ. ಮಧ್ಯದ ಬೆರಳು ಮಾತ್ರ ಗಟ್ಟಿ ಗೊರಸಿನ ತುದಿಯಲ್ಲಿ ನಿಂತಿದೆ. ಹಿಂದಿನ ಎರಡು ಪ್ರಾಣಿಗಳ ಪಾದದ ಕೆಳಗೆ ಮೆತ್ತನೆಯ ದಿಂಡು ಇತ್ತು. ಇಲ್ಲಿ ಆ ದಿಂಡಿನ ಕೆಲಸವನ್ನು ಕಾಲಿನ ಹಿಂಭಾಗದ ಸ್ಥಿತಿಸ್ಥಾಪಕ ತಂತುಗಳು ವಹಿಸಿಕೊಂಡವು. ಕಾಲು ಊರಿದಾಗ ಅವು ಹಿಗ್ಗುತ್ತವೆ, ಎತ್ತುವಾಗ ಕುಗ್ಗಿ ಕಾಲನ್ನು ಮೇಲಕ್ಕೆ ಚಿಮ್ಮಿಸುತ್ತವೆ, ಹಾಗಾಗಿ ದೂರ ಓಡುವಾಗ ಸ್ನಾಯುಗಳಿಗೆ ಕೆಲಸ ಕಮ್ಮಿ. ತಂತು ಪಳೆಯುಳಿಕೆ ಆಗುವುದಿಲ್ಲ ನಿಜ. ಆದರೆ ಅವು ಅಂಟಿಕೊಳ್ಳುತ್ತಿದ್ದ ಜಾಗದ ಒರಟು ಗುರುತುಗಳು ಮೂಳೆಯ ಮೇಲೆ ಉಳಿಯುತ್ತವೆ, ಮತ್ತು ಈ ಅಚ್ಚಿನಲ್ಲಿ ಅವು ಬೆರಳಿಗೆ ಸಿಗುತ್ತವೆ. ಫೋಟೋದಲ್ಲಿ ಇದು ಯಾವತ್ತೂ ತಿಳಿಯುವುದಿಲ್ಲ. ಅಚ್ಚು ತರಿಸಬೇಕು ಅನ್ನುವುದಕ್ಕೆ ಇದೊಂದೇ ಕಾರಣ ಸಾಕು.

ನಾಲ್ಕನೆಯದರ ವಿಷಯ ಆಮೇಲೆ ಹೇಳುತ್ತೇನೆ. ಐದನೆಯದು ಇವತ್ತಿನ ಕುದುರೆ, ಈಕ್ವಸ್. ಒಂದೇ ಬೆರಳು, ಒಂದೇ ಗೊರಸು. ಆದರೆ ಮುಖ್ಯ ಮೂಳೆಯ ಹಿಂದೆ ಎರಡೂ ಕಡೆ ಕಡ್ಡಿಯಂತೆ ಸಣ್ಣಗಾಗುತ್ತಾ ಹೋಗುವ ಎರಡು ಮೂಳೆಗಳಿವೆ. ಎರಡನೆಯ ಮತ್ತು ನಾಲ್ಕನೆಯ ಬೆರಳಿನ ಅಂಗೈ ಮೂಳೆಗಳು ಅವು. ಕುದುರೆ ಸಾಕುವವರಿಗೆ ಇವು ಚೆನ್ನಾಗಿ ಗೊತ್ತು, ಎಳೆ ಕುದುರೆಗಳಲ್ಲಿ ಇಲ್ಲಿ ಊತ ಬರುತ್ತದೆ. ಮೆರಿಕಿಪ್ಪಸ್ ಕಾಲನ್ನು ಇದರ ಪಕ್ಕ ಇಟ್ಟರೆ ಸಾಕು, ಬೇರೆ ವಿವರಣೆ ಬೇಕಾಗಿಲ್ಲ. ಒಂದರಲ್ಲಿ ಪೂರ್ತಿ ಬೆರಳು, ಇನ್ನೊಂದರಲ್ಲಿ ಅದೇ ಜಾಗದಲ್ಲಿ ಅದರ ಮೇಲ್ತುಂಡು.

ಬೆರಳುಗಳು ಯಾಕೆ ಹೋದವು? ವೇಗವಾಗಿ ಓಡಲು ಅಂತ ಕೈಪಿಡಿ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಅಷ್ಟು ಸುಲಭ ಅಲ್ಲ. 2017ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಹಳೆಯ ಕುದುರೆಗಳ ಕಾಲಿನ ಮೂಳೆಗಳನ್ನು ಸ್ಕ್ಯಾನ್ ಮಾಡಿ, ಅವು ಎಷ್ಟು ಒತ್ತಡ ತಾಳುತ್ತಿದ್ದವು ಅಂತ ಲೆಕ್ಕ ಹಾಕಿದರು. ಮೈ ದೊಡ್ಡದಾದ ಹಾಗೆ ಮಧ್ಯದ ಮೂಳೆ ದಪ್ಪವಾಗಿ ಬಲಿಯುತ್ತಾ ಹೋಗಿದೆ, ಕೊನೆಗೆ ಪಕ್ಕದ ಬೆರಳುಗಳ ಆಸರೆ ಇಲ್ಲದೆಯೇ ಪೂರ್ತಿ ಭಾರ ಹೊರುವಷ್ಟು ಗಟ್ಟಿಯಾಗಿದೆ ಅನ್ನುವುದು ಅವರಿಗೆ ಸಿಕ್ಕ ಚಿತ್ರ. ಕಾಲಿನ ತುದಿ ಹಗುರವಾದಷ್ಟೂ ಬೀಸಿ ಹಾಕಲು ಸುಲಭ, ಅದೂ ಸೇರಿಕೊಂಡಿತು. ಇದನ್ನು ಓದಿದ ಮೇಲೆ ಐದೂ ಕಾಲುಗಳ ಮಧ್ಯದ ಮೂಳೆಯನ್ನು ಮಾತ್ರ ಒಂದರ ಪಕ್ಕ ಒಂದು ಇಟ್ಟು ನೋಡಿ. ಕಳೆದುಹೋದ ಬೆರಳುಗಳಿಗಿಂತ ಉಳಿದ ಬೆರಳು ಏನಾಯಿತು ಅನ್ನುವುದು ಹೆಚ್ಚು ಕುತೂಹಲದ ವಿಷಯ ಅಲ್ವಾ?

ಈಗ ಹಲ್ಲುಗಳು. ಸೆಟ್‌ನ ನಿಜವಾದ ಬೆಲೆ ಇರುವುದು ಇಲ್ಲಿ. ಪಳೆಯುಳಿಕೆ ಅಧ್ಯಯನ ಮಾಡುವವರಿಗೆ ಸಸ್ತನಿಗಳ ವಿಷಯದಲ್ಲಿ ಹಲ್ಲೇ ಮುಖ್ಯ ಸಾಕ್ಷಿ. ಮೈಯಲ್ಲಿ ಅದಕ್ಕಿಂತ ಗಟ್ಟಿ ಭಾಗ ಇಲ್ಲ, ಹಾಗಾಗಿ ಬೇರೆ ಎಲ್ಲ ಮೂಳೆ ಪುಡಿಯಾದರೂ ಹಲ್ಲು ಉಳಿಯುತ್ತದೆ. ಇಯೋಹಿಪ್ಪಸ್‌ನ ದವಡೆ ಹಲ್ಲು ಗಿಡ್ಡ, ಮೇಲೆ ದುಂಡನೆಯ ಗುಬ್ಬಿಗಳು. ಎಳೆ ಎಲೆ, ಹಣ್ಣು ಜಗಿಯಲು ಅದು ಸಾಕು. ಮೀಸೋಹಿಪ್ಪಸ್‌ನಲ್ಲಿ ಗುಬ್ಬಿಗಳು ಸೇರಿ ಏಣುಗಳಾಗಿವೆ. ಮೆರಿಕಿಪ್ಪಸ್‌ಗೆ ಬಂದರೆ ಹಲ್ಲು ಎತ್ತರವಾಗಿದೆ, ಏಣುಗಳು ಮಡಿಕೆ ಮಡಿಕೆಯಾಗಿವೆ, ಹಲ್ಲಿನ ಹೊರಪದರ ಎನಾಮೆಲ್, ಅದರೊಳಗಿನ ಡೆಂಟೀನ್ ಅಲ್ಲದೆ, ಮಡಿಕೆಗಳ ನಡುವೆ ಸಿಮೆಂಟ್ ಅನ್ನುವ ಮೂರನೆಯ ಪದಾರ್ಥ ತುಂಬಿಕೊಂಡಿದೆ. ಈಕ್ವಸ್ ಹಲ್ಲಂತೂ ಉದ್ದನೆಯ ಕಂಬ. ಹೊರಗೆ ಕಾಣುವುದು ತುದಿ ಮಾತ್ರ, ಉಳಿದದ್ದೆಲ್ಲ ದವಡೆಯೊಳಗೆ ಅಡಗಿರುತ್ತದೆ. ವರ್ಷಕ್ಕೆ 2ರಿಂದ 3 ಮಿಲಿಮೀಟರ್ ಸವೆಯುತ್ತದೆ, ಅಷ್ಟೇ ಒಳಗಿಂದ ಮೇಲೆ ಬರುತ್ತದೆ. ಆ ಕಂಬ ಮುಗಿದರೆ ಕುದುರೆಯ ಆಯಸ್ಸೂ ಮುಗಿದ ಹಾಗೆ.

ಇದರ ಜಾಣ್ಮೆ ಇರುವುದು ಮೂರು ಪದಾರ್ಥಗಳ ಗಟ್ಟಿತನದ ವ್ಯತ್ಯಾಸದಲ್ಲಿ. ಎನಾಮೆಲ್ ತುಂಬಾ ಗಟ್ಟಿ, ಡೆಂಟೀನ್ ಮತ್ತು ಸಿಮೆಂಟ್ ಅದಕ್ಕಿಂತ ಮೆತ್ತಗೆ. ಮೆತ್ತನೆಯವು ಬೇಗ ಸವೆಯುತ್ತವೆ, ಎನಾಮೆಲ್ ಏಣುಗಳು ಎದ್ದು ನಿಲ್ಲುತ್ತವೆ. ಬೀಸುವ ಕಲ್ಲು ನುಣುಪಾದರೆ ಉಳಿ ಹಿಡಿದು ಕುಟ್ಟಿಸಿ ಮತ್ತೆ ಒರಟು ಮಾಡಿಸಬೇಕು. ಈ ಹಲ್ಲು ಸವೆಯುತ್ತಾ ಸವೆಯುತ್ತಾ ತನ್ನನ್ನು ತಾನೇ ಕುಟ್ಟಿಕೊಳ್ಳುವ ಬೀಸುವ ಕಲ್ಲು. ಅಚ್ಚಿನ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದರೂ ಏಣು ಎಲ್ಲಿ, ತಗ್ಗು ಎಲ್ಲಿ ಅಂತ ಹೇಳಬಹುದು. ಎರಕ ಅಷ್ಟು ಚೊಕ್ಕ ಇದೆ. ಮೂರು ಪದಾರ್ಥಕ್ಕೂ ಬೇರೆ ಬೇರೆ ಬಣ್ಣ ಕೊಟ್ಟಿರುವುದು ಒಳ್ಳೆಯ ಕೆಲಸ. ಬಣ್ಣ ಬಳಿದವರು ಹಲ್ಲನ್ನು ಅರ್ಥ ಮಾಡಿಕೊಂಡು ಬಳಿದಿದ್ದಾರೆ ಅನ್ನಿಸುತ್ತದೆ.

ಹುಲ್ಲು ಬಂತು, ಹಲ್ಲು ಉದ್ದವಾಯಿತು ಅಂತ ಕೈಪಿಡಿ ಹೇಳುತ್ತದೆ. ಮೂಲ ಮಾತು ಸರಿಯೇ. ಹುಲ್ಲಿನ ಎಲೆಯೊಳಗೆ ಸಿಲಿಕಾದ ಸಣ್ಣ ಕಣಗಳು ಇರುತ್ತವೆ, ನೆಲಕ್ಕೆ ಹತ್ತಿರ ಮೇಯುವಾಗ ಮಣ್ಣು, ದೂಳೂ ಬಾಯಿಗೆ ಹೋಗುತ್ತದೆ, ಎರಡೂ ಹಲ್ಲು ಸವೆಸುತ್ತವೆ. ಆದರೆ ಹುಲ್ಲು ಹರಡಿದ್ದೂ ಹಲ್ಲು ಉದ್ದವಾದದ್ದೂ ಒಟ್ಟಿಗೆ ಆಗಲಿಲ್ಲ. ಬಂಡೆಗಳಲ್ಲಿ ಉಳಿದಿರುವ ಆ ಸಿಲಿಕಾ ಕಣಗಳನ್ನು ನೋಡಿದರೆ ಉತ್ತರ ಅಮೆರಿಕದಲ್ಲಿ ಹುಲ್ಲುಗಾವಲು ಮೊದಲು ಹರಡಿತು, ಎತ್ತರದ ಹಲ್ಲು ಎಷ್ಟೋ ಲಕ್ಷ ವರ್ಷ ತಡವಾಗಿ ಬಂತು ಅಂತ ಗೊತ್ತಾಗುತ್ತದೆ. ಇನ್ನೂ ಒಂದು ವಿಷಯ ಇದೆ. ಫ್ಲೋರಿಡಾದಲ್ಲಿ 50 ಲಕ್ಷ ವರ್ಷ ಹಿಂದೆ ಆರು ಜಾತಿಯ ಕುದುರೆಗಳು ಒಂದೇ ಕಾಲದಲ್ಲಿ ಇದ್ದವು. ಎಲ್ಲಕ್ಕೂ ಎತ್ತರದ ಹಲ್ಲೇ. 1999ರಲ್ಲಿ ಅವುಗಳ ಎನಾಮೆಲ್‌ನ ಇಂಗಾಲದ ಐಸೊಟೋಪು (ತೂಕದಲ್ಲಿ ಬೇರೆಯಾದ ಇಂಗಾಲದ ಪರಮಾಣುಗಳು) ಮತ್ತು ಸವೆತದ ಗೀರುಗಳನ್ನು ಪರೀಕ್ಷಿಸಿದಾಗ, ಎಲ್ಲವೂ ಹುಲ್ಲನ್ನೇ ತಿನ್ನುತ್ತಿರಲಿಲ್ಲ, ಕೆಲವು ಎಲೆಯನ್ನೂ ತಿನ್ನುತ್ತಿದ್ದವು ಅಂತ ತಿಳಿಯಿತು. ಹಲ್ಲಿನ ಆಕಾರ ಅದರ ಹಿರಿಯರು ಏನು ತಿಂದರು ಅಂತ ಹೇಳುತ್ತದೆ, ಸವೆತ ಮತ್ತು ರಾಸಾಯನಿಕ ಗುರುತು ಅದೇ ಪ್ರಾಣಿ ಏನು ತಿಂದಿತು ಅಂತ ಹೇಳುತ್ತದೆ. ಇಂಥ ವಿಷಯಕ್ಕೆ ಕೈಪಿಡಿಯಲ್ಲಿ ಅರ್ಧ ಪುಟ ಕೊಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ತಲೆಬುರುಡೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಐದನ್ನೂ ಹಲಗೆಯಲ್ಲಿ ಚೆನ್ನಾಗಿ ಕಾಣಲಿ ಅಂತ ಒಂದೇ ಅಳತೆಗೆ ತಂದಿದ್ದಾರೆ. ಕಾಲು ಮತ್ತು ಹಲ್ಲು ನಿಜವಾದ ಗಾತ್ರದವು, ಬುರುಡೆ ಮಾತ್ರ ಬೇರೆ ಬೇರೆ ಪ್ರಮಾಣದಲ್ಲಿ, ಅದನ್ನು ಎಲ್ಲೂ ಬರೆದಿಲ್ಲ. ಇದು ತಪ್ಪು. ಗಾತ್ರದ ಕಥೆಯೇ ಮುಚ್ಚಿಹೋಗುತ್ತದೆ. ಅದೂ ಸಣ್ಣ ಕಥೆ ಅಲ್ಲ. 5.6 ಕೋಟಿ ವರ್ಷ ಹಿಂದೆ ಭೂಮಿ ಇದ್ದಕ್ಕಿದ್ದಂತೆ ತುಂಬಾ ಬಿಸಿಯಾಯಿತು. ಆಗ ಅಮೆರಿಕದ ವ್ಯೋಮಿಂಗ್‌ನ ಬಿಗ್‌ಹಾರ್ನ್ ಕಣಿವೆಯಲ್ಲಿ ಇದ್ದ ಸಿಫ್ರ್‌ಹಿಪ್ಪಸ್ ಅನ್ನುವ ಪುಟಾಣಿ ಕುದುರೆ ಸುಮಾರು 5.6 ಕಿಲೋದಿಂದ 4 ಕಿಲೋಗೆ ಇಳಿಯಿತು, ತಂಪಾದ ಮೇಲೆ ಮತ್ತೆ 7 ಕಿಲೋ ಆಯಿತು. 2012ರಲ್ಲಿ ಪ್ರಕಟವಾದ ಸಂಶೋಧನೆ ಇದು, ಅದಕ್ಕೂ ಆಧಾರ ಹಲ್ಲುಗಳೇ. ಕುದುರೆ ಸದಾ ದೊಡ್ಡದಾಗುತ್ತಲೇ ಬಂತು ಅನ್ನುವ ನಂಬಿಕೆ ಮೊದಲ ಹೆಜ್ಜೆಯಲ್ಲೇ ಬಿದ್ದುಹೋಗುತ್ತದೆ. ಬುರುಡೆಗಳಲ್ಲಿ ನೋಡಬೇಕಾದ ಒಂದೇ ಒಂದು ಸಂಗತಿ ಕಣ್ಣಿನ ಗೂಡು. ಮೊದಲನೆಯದರಲ್ಲಿ ಅದು ಹೆಚ್ಚುಕಮ್ಮಿ ನಡುವೆ ಇದೆ. ಕೊನೆಯದರಲ್ಲಿ ತೀರಾ ಹಿಂದಕ್ಕೆ ಹೋಗಿದೆ, ಅಷ್ಟು ಉದ್ದದ ಹಲ್ಲುಗಳಿಗೆ ದವಡೆಯಲ್ಲಿ ಜಾಗ ಬೇಕಲ್ಲ.

ಈಗ ಹಲಗೆ. ನನ್ನ ದೊಡ್ಡ ತಕರಾರು ಇದರ ಮೇಲೆ. ಎಡದಿಂದ ಬಲಕ್ಕೆ ಐದು ಮೆಟ್ಟಿಲು, ಒಂದರಿಂದ ಇನ್ನೊಂದಕ್ಕೆ ಬಾಣದ ಗುರುತು, ಕೊನೆಯ ಮೆಟ್ಟಿಲ ಮೇಲೆ ಇವತ್ತಿನ ಕುದುರೆ. ಚಾರ್ಟಿನಲ್ಲೂ ಇದೇ. ಇದು 1870ರ ದಶಕದ ಚಿತ್ರ. ಅಮೆರಿಕದ ಪಳೆಯುಳಿಕೆ ತಜ್ಞ ಓತ್ನೀಲ್ ಮಾರ್ಷ್ ತಮ್ಮ ಸಂಗ್ರಹದ ಕಾಲು ಮತ್ತು ಹಲ್ಲುಗಳನ್ನು ಹೀಗೇ ಸಾಲಾಗಿ ಜೋಡಿಸಿದ್ದರು. 1876ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ ಯೇಲ್ ವಿಶ್ವವಿದ್ಯಾಲಯಕ್ಕೆ ಹೋಗಿ ಅವನ್ನು ನೋಡಿದರು. ಕುದುರೆಯ ವಂಶ ಯುರೋಪಿನಲ್ಲೇ ಬೆಳೆಯಿತು ಅಂದುಕೊಂಡಿದ್ದ ಅವರು ಆ ಪೆಟ್ಟಿಗೆಗಳನ್ನು ನೋಡಿದ ಮೇಲೆ ಅಭಿಪ್ರಾಯ ಬದಲಾಯಿಸಿಕೊಂಡರು. ಅದೇ ವರ್ಷ ನ್ಯೂಯಾರ್ಕ್‌ನ ಉಪನ್ಯಾಸಗಳಲ್ಲಿ ಮಾರ್ಷ್ ಅವರ ಸಾಲನ್ನೇ ವಿಕಾಸಕ್ಕೆ ಪುರಾವೆಯಾಗಿ ತೋರಿಸಿದರು. ಆ ಕಾಲಕ್ಕೆ ಅದು ಬಹಳ ದೊಡ್ಡ ಕೆಲಸ, ಅದನ್ನು ಕಮ್ಮಿ ಮಾಡಿ ಹೇಳುತ್ತಿಲ್ಲ. ಆದರೆ ಆಮೇಲೆ ಸಿಕ್ಕ ಪಳೆಯುಳಿಕೆಗಳು ಲೆಕ್ಕವಿಲ್ಲದಷ್ಟು. ಈಗ ಗೊತ್ತಿರುವ ಕುದುರೆ ವಂಶ ನೇರ ಏಣಿ ಅಲ್ಲ, ಕವಲು ಕವಲಾಗಿ ಹಬ್ಬಿದ ಪೊದೆ. ನ್ಯಾನಿಪ್ಪಸ್‌ನಂಥ ಕೆಲವು ಕವಲುಗಳು ಗಾತ್ರದಲ್ಲಿ ಮತ್ತೆ ಚಿಕ್ಕದಾದವು. ಮೂರು ಬೆರಳಿನ ಹಿಪ್ಪಾರಿಯನ್ ಕುದುರೆಗಳು ಅಮೆರಿಕದಿಂದ ಹೊರಟು ಏಷ್ಯಾ, ಯುರೋಪು, ಆಫ್ರಿಕಾದವರೆಗೂ ಹರಡಿ ತುಂಬಾ ಕಾಲ ಚೆನ್ನಾಗಿಯೇ ಬದುಕಿದವು. ಟಾಂಜಾನಿಯಾದ ಲಾಯಟೋಲಿಯಲ್ಲಿ ಮಾನವ ವಂಶದವರ ಹೆಜ್ಜೆ ಗುರುತು ಸಿಕ್ಕ ಸುಮಾರು 36 ಲಕ್ಷ ವರ್ಷ ಹಳೆಯ ಬೂದಿಯಲ್ಲೇ ಹಿಪ್ಪಾರಿಯನ್ ಗೊರಸಿನ ಗುರುತುಗಳೂ ಇವೆ. ಒಂದೇ ಬೆರಳಿನ ಕುದುರೆ ಬಂದ ಕೂಡಲೇ ಮೂರು ಬೆರಳಿನವು ಜಾಗ ಖಾಲಿ ಮಾಡಲಿಲ್ಲ ಅನ್ನುವುದಕ್ಕೆ ಇನ್ನೇನು ಬೇಕು?

ಅಮೆರಿಕದ ನೆಬ್ರಾಸ್ಕಾದಲ್ಲಿರುವ ಆಶ್‌ಫಾಲ್ ಅನ್ನುವ ಪಳೆಯುಳಿಕೆ ತಾಣ ಇನ್ನೂ ಸ್ಪಷ್ಟ ಉದಾಹರಣೆ. ಸುಮಾರು 1.2 ಕೋಟಿ ವರ್ಷ ಹಿಂದೆ, ಈಗಿನ ಐಡಾಹೊದಲ್ಲಿ ಒಂದು ಭಾರಿ ಜ್ವಾಲಾಮುಖಿ ಸಿಡಿದು ಅದರ ಬೂದಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ ಬಂದು ಬಿತ್ತು. ನೀರಿನ ಗುಂಡಿಯೊಂದಕ್ಕೆ ಬಂದಿದ್ದ ಪ್ರಾಣಿಗಳು ಆ ಬೂದಿಯನ್ನು ಉಸಿರಾಡಿ ಅಲ್ಲೇ ಸತ್ತವು. ಪಳೆಯುಳಿಕೆ ತಜ್ಞ ಮೈಕ್ ವೂರ್ಹೀಸ್ 1971ರಲ್ಲಿ ಅಲ್ಲಿ ಒಂದು ಮರಿ ಘೇಂಡಾಮೃಗದ ಬುರುಡೆ ಕಂಡು ಅಗೆಯಲು ಶುರು ಮಾಡಿದ ಮೇಲೆ, ಟೀಲಿಯೋಸೆರಾಸ್ ಅನ್ನುವ ಗಿಡ್ಡ ಕಾಲಿನ ಘೇಂಡಾಮೃಗಗಳ ಹಿಂಡೇ ಹೊರಬಂತು. ಅವುಗಳ ಜೊತೆ ಕುದುರೆಗಳೂ ಸಿಕ್ಕವು, ಒಂದಲ್ಲ, ಹಲವು ಬಗೆಯವು. ಮೂರು ಬೆರಳಿನವೂ ಒಂದು ಬೆರಳಿನವೂ ಒಂದೇ ಗುಂಡಿಯ ನೀರು ಕುಡಿಯುತ್ತಿದ್ದವು. ಬಹಳಷ್ಟು ಎಲುಬುಗೂಡುಗಳನ್ನು ಕಿತ್ತು ಬೇರೆಡೆ ಒಯ್ಯದೆ, ಬಿದ್ದ ಜಾಗದಲ್ಲೇ ಸೂರು ಕಟ್ಟಿ ಉಳಿಸಿದ್ದಾರೆ. ಇಂಥದ್ದೊಂದು ಪುರಾವೆ ಇರುವಾಗ ಬಾಣದ ಗುರುತು ಹಾಕಿದ ಹಲಗೆ ಮಾರುವುದು ಸರಿಯಲ್ಲ. ಅದನ್ನು ನೋಡಿ ಬೆಳೆದ ಮಗು ವಿಕಾಸ ಅಂದರೆ ಗುರಿ ಇಟ್ಟುಕೊಂಡು ಮೆಟ್ಟಿಲು ಹತ್ತುವುದು ಅಂತಲೇ ತಿಳಿಯುತ್ತದೆ. ಆ ತಪ್ಪು ಕಲ್ಪನೆ ಒಮ್ಮೆ ತಲೆಗೆ ಹೋದರೆ ತೆಗೆಯುವುದು ಕಷ್ಟ.

ಹೆಸರಿನ ಚೀಟಿಗಳೂ ಹಳೆಯವು. ಮೊದಲ ತುಂಡಿಗೆ ಹೈರಾಕೋಥೀರಿಯಂ ಅಂತ ಅಂಟಿಸಿದ್ದಾರೆ. ಆ ಹೆಸರು ಓವೆನ್ ಇಂಗ್ಲೆಂಡಿನ ಒಂದು ಬುರುಡೆಗೆ 1841ರಲ್ಲಿ ಕೊಟ್ಟಿದ್ದು, ಅದು ಕುದುರೆಯ ಹತ್ತಿರದ ಬಂಧುಗಳಾದ ಪ್ಯಾಲಿಯೋಥೀರ್‌ಗಳ ಕಡೆಯದು ಅಂತ ಈಗ ಬಹುಪಾಲು ತಜ್ಞರು ಹೇಳುತ್ತಾರೆ. ಅಮೆರಿಕದ ಪ್ರಾಣಿಗೆ ಮಾರ್ಷ್ 1876ರಲ್ಲಿ ಕೊಟ್ಟ ಇಯೋಹಿಪ್ಪಸ್ ಹೆಸರೇ ವಾಪಸ್ ಬಂದಿದೆ. ನಾಲ್ಕನೆಯ ತುಂಡು ಪ್ಲಯೋಹಿಪ್ಪಸ್. ಅದನ್ನು ಈಕ್ವಸ್‌ನ ನೇರ ಹಿರಿಯ ಅಂತ ಬಾಣ ಹಾಕಿ ತೋರಿಸಿದ್ದಾರೆ. ಆದರೆ ಅದರ ಮುಖದ ಮೂಳೆಯಲ್ಲಿ ಕಣ್ಣಿನ ಮುಂದೆ ಆಳವಾದ ಗುಳಿಗಳಿವೆ, ಹಲ್ಲುಗಳು ತುಂಬಾ ಬಾಗಿವೆ, ಈಕ್ವಸ್‌ನಲ್ಲಿ ಹಾಗಿಲ್ಲ. ಡೈನೋಹಿಪ್ಪಸ್ ಅನ್ನುವ ಇನ್ನೊಂದು ಹಳೆಯ ಕುದುರೆ ಈಕ್ವಸ್‌ಗೆ ಹೆಚ್ಚು ಹತ್ತಿರ. ಮಜಾ ಏನೆಂದರೆ ಆ ಗುಳಿಯೂ ಆ ಬಾಗೂ ಇದೇ ಸೆಟ್‌ನ ಅಚ್ಚುಗಳಲ್ಲಿ ಚೆನ್ನಾಗಿ ಕಾಣುತ್ತವೆ. ಚೀಟಿ ಹೇಳುವುದನ್ನು ಅಚ್ಚೇ ಅಲ್ಲಗಳೆಯುತ್ತದೆ. ಅಸಲಿಗೆ ನಿಷ್ಠವಾಗಿ ಅಚ್ಚು ತೆಗೆದಿದ್ದಾರೆ ಅನ್ನುವುದಕ್ಕೆ ಇದೂ ಒಂದು ಸಾಕ್ಷಿ.

ಎರಡು ಪಾದದ ಮೂಳೆಗಳನ್ನು ಕೊಟ್ಟಿರುವುದು ಮಾತ್ರ ತುಂಬಾ ಖುಷಿ ಕೊಟ್ಟಿತು. ಹಿಂಗಾಲಿನ ಹಿಮ್ಮಡಿ ಕೀಲಿನಲ್ಲಿ ಕೂರುವ ಆಸ್ಟ್ರಾಗಲಸ್ ಅದು. ಒಂದು ಕುದುರೆಯದು, ಒಂದು ಜಿಂಕೆಯದು. ಕುದುರೆಯದರ ಮೇಲ್ಭಾಗದಲ್ಲಿ ಆಳವಾದ, ಓರೆಯಾದ ರಾಟೆಯ ಆಕಾರ, ಕೆಳಭಾಗ ಹೆಚ್ಚುಕಮ್ಮಿ ಚಪ್ಪಟೆ. ಜಿಂಕೆಯದರಲ್ಲಿ ಮೇಲೂ ರಾಟೆ, ಕೆಳಗೂ ರಾಟೆ. ಇದೊಂದು ಮೂಳೆ ಸಿಕ್ಕರೆ ಸಾಕು, ಪ್ರಾಣಿ ಯಾವ ಗುಂಪಿನದು ಅಂತ ಕ್ಷಣದಲ್ಲಿ ಹೇಳಬಹುದು. 2001ರಲ್ಲಿ ಪಾಕಿಸ್ತಾನದಲ್ಲಿ ಸಿಕ್ಕ ಕಾಲುಳ್ಳ ತಿಮಿಂಗಿಲಗಳಲ್ಲಿ ಈ ಎರಡು ರಾಟೆಯ ಮೂಳೆ ಕಂಡ ಮೇಲೆಯೇ, ತಿಮಿಂಗಿಲ ಹಸು, ನೀರಾನೆಗಳ ಕಡೆಯದು ಅನ್ನುವ ಮಾತಿಗೆ ಮೂಳೆಯ ಪುರಾವೆ ಸಿಕ್ಕಿದ್ದು. ಕೈಪಿಡಿಯಲ್ಲಿ ಈ ಎರಡು ಮೂಳೆಗೆ ಒಂದೇ ಸಾಲು ಇದೆ. ಬೇಜಾರಾಯಿತು.

ಸೆಟ್‌ನ ಇನ್ನೊಂದು ಕೊರತೆ, ಕುದುರೆ ಬಿಟ್ಟು ಬೇರೆ ಯಾರೂ ಇಲ್ಲ. ಇವತ್ತು ಈ ಗುಂಪಿನಲ್ಲಿ ಉಳಿದಿರುವುದು ಮೂರೇ ಕುಟುಂಬ, ಐದು ಜಾತಿ ಘೇಂಡಾಮೃಗ, ನಾಲ್ಕು ಟೇಪಿರ್, ಮತ್ತೆ ಕುದುರೆ, ಕತ್ತೆ, ಜೀಬ್ರಾಗಳು. ಹಿಂದೆ ಇದು ಎಷ್ಟು ದೊಡ್ಡ ಸಂಸಾರ ಆಗಿತ್ತು ಅಂತ ತೋರಿಸದಿದ್ದರೆ ಕಥೆ ಅರ್ಧವೂ ಆಗುವುದಿಲ್ಲ. ಮೂಗಿನ ಮೇಲೆ ಕವಲೊಡೆದ ಮೂಳೆಯ ಕೊಂಬು ಹೊತ್ತಿದ್ದ ಬ್ರಾಂಟೋಥೀರ್‌ಗಳು ಸುಮಾರು 3.4 ಕೋಟಿ ವರ್ಷ ಹಿಂದೆ ಪೂರ್ತಿ ಅಳಿದವು. ಬೇರಿನ ಹತ್ತಿರ ಹೋದರೆ ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ಕೇಂಬೇಥೀರಿಯಂ ಇದೆ. ಸುಮಾರು 5.45 ಕೋಟಿ ವರ್ಷ ಹಿಂದಿನದು, ಆಗ ಭಾರತ ಏಷ್ಯಾಕ್ಕೆ ಪೂರ್ತಿ ಅಂಟಿಕೊಂಡೂ ಇರಲಿಲ್ಲ. 2005ರಲ್ಲಿ ಮೊದಲು ಹಲ್ಲು, ದವಡೆಗಳಿಂದ ಗುರುತಿಸಿದರು. 2014ರ ಹೊತ್ತಿಗೆ ಮೈಯ ಮೂಳೆಗಳೂ ಸಾಕಷ್ಟು ಸಿಕ್ಕಿ, ಇದು ಬೆಸ ಬೆರಳಿನ ಗುಂಪಿನ ಪಕ್ಕದ ಕವಲು, ಆ ಗುಂಪಿನ ಮೊದಲ ಹಿರಿಯರು ಹೇಗಿದ್ದರು ಅಂತ ಊಹಿಸಲು ಇದಕ್ಕಿಂತ ಒಳ್ಳೆಯ ಪ್ರಾಣಿ ಇಲ್ಲ ಅನ್ನುವ ತೀರ್ಮಾನಕ್ಕೆ ಬಂದರು. ಇದರ ಅಚ್ಚನ್ನು ಯಾರಾದರೂ ಮಾರಿದರೆ ನಾನು ಅವತ್ತೇ ತರಿಸುತ್ತೇನೆ.

ಅದೇ ತಯಾರಕರ ಬಳಿ ಬಿಡಿ ತುಂಡುಗಳು ಸಿಗುತ್ತವೆ, ಅದರಲ್ಲಿ ಮೂರನ್ನು ತರಿಸಿಕೊಂಡೆ. ಘೇಂಡಾಮೃಗದ ಮೇಲ್ದವಡೆ ಹಲ್ಲು, ಟೇಪಿರ್ ಮುಂಗಾಲು, ಇದೇ ಗುಂಪಿನ ಅಳಿದುಹೋದ ಪ್ರಾಣಿ ಕ್ಯಾಲಿಕೋಥೀರ್‌ನ ಉಗುರಿನ ಮೂಳೆ. ಮೂರೂ ಮುಖ್ಯ ಸೆಟ್‌ಗಿಂತ ಚೆನ್ನಾಗಿವೆ ಅಂದರೆ ಉತ್ಪ್ರೇಕ್ಷೆ ಅಲ್ಲ. ಘೇಂಡಾಮೃಗದ ಹಲ್ಲಿನ ಮೇಲೆ ಗಣಿತದ ಪೈ ಚಿಹ್ನೆಯ ಆಕಾರದಲ್ಲಿ ಏಣುಗಳಿವೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಘೇಂಡಾಮೃಗದ ಕೊಂಬು ಅಂದರೆ ಕೂದಲು, ಉಗುರಿನ ಜಾತಿಯ ವಸ್ತು, ಮಣ್ಣಿನಲ್ಲಿ ಸಾಮಾನ್ಯವಾಗಿ ಉಳಿಯುವುದಿಲ್ಲ. ಹಳೆಯ ಘೇಂಡಾಮೃಗಗಳಲ್ಲಿ ಬಹಳಷ್ಟಕ್ಕೆ ಕೊಂಬೇ ಇರಲಿಲ್ಲ. ಆದ್ದರಿಂದ ಗುರುತು ಹಿಡಿಯುವುದು ಹಲ್ಲಿನಿಂದ. ಬಲೂಚಿಸ್ತಾನದ ಡೇರಾ ಬುಗ್ಟಿಯ ಪಳೆಯುಳಿಕೆಗಳಿಂದ 1911ರಲ್ಲಿ ಹೆಸರು ಪಡೆದ ಪ್ಯಾರಾಸೆರಾಥೀರಿಯಂ ಹೆಗಲ ಹತ್ತಿರ ಸುಮಾರು 4.8 ಮೀಟರ್ ಎತ್ತರ, ತೂಕ 15ರಿಂದ 20 ಟನ್ ಅಂತ ಅಂದಾಜು. ನೆಲದ ಮೇಲೆ ಓಡಾಡಿದ ಅತಿ ದೊಡ್ಡ ಸಸ್ತನಿಗಳಲ್ಲಿ ಒಂದು. ಕೊಂಬಿಲ್ಲ, ಉದ್ದ ಕತ್ತು, ಮರದ ಎಲೆ ಮೇಯುವ ಪ್ರಾಣಿ. ಅದು ಘೇಂಡಾಮೃಗದ ಬಂಧು ಅಂತ ತೋರಿಸಿಕೊಟ್ಟಿದ್ದರಲ್ಲಿ ಈ ಪೈ ಆಕಾರದ ಹಲ್ಲಿನ ಪಾತ್ರ ದೊಡ್ಡದು.

ಕ್ಯಾಲಿಕೋಥೀರ್ ಉಗುರಿನ ಮೂಳೆ ಕೈಗೆತ್ತಿಕೊಂಡರೆ ಗೊರಸಿನ ಪ್ರಾಣಿಯದು ಅಂತ ಯಾರೂ ನಂಬುವುದಿಲ್ಲ. ಬಾಗಿದ, ಚೂಪಾದ, ತುದಿಯಲ್ಲಿ ಸೀಳು ಬಿದ್ದ ದೊಡ್ಡ ಪಂಜದ ಮೂಳೆ. ಜರ್ಮನಿಯ ಎಪ್ಪೆಲ್ಸ್‌ಹೈಮ್‌ನಲ್ಲಿ ಇಂಥದ್ದು ಸಿಕ್ಕಾಗ ಮಹಾ ಅಂಗರಚನಾ ತಜ್ಞ ಕುವಿಯೆ ಅದನ್ನು ದೈತ್ಯ ಚಿಪ್ಪುಹಂದಿಯದು ಅಂದಿದ್ದರು. ಚಿಪ್ಪುಹಂದಿಯ ಉಗುರಿನ ಮೂಳೆಯಲ್ಲೂ ಅದೇ ಸೀಳು ಇರುತ್ತದೆ, ಹಾಗಾಗಿ ಅವರ ಊಹೆಗೆ ಕಾರಣ ಇತ್ತು. ಹಲ್ಲು ಬೇರೆ ಕಡೆ, ಪಂಜ ಬೇರೆ ಕಡೆ ಸಿಕ್ಕು, ಎರಡು ಬೇರೆ ಪ್ರಾಣಿ ಅಂತಲೇ ದಶಕಗಟ್ಟಲೆ ಎಣಿಸಿದರು. ಕೊನೆಗೆ ಎರಡೂ ಒಂದೇ ಎಲುಬುಗೂಡಿನಲ್ಲಿ ಸಿಕ್ಕ ಮೇಲೆ, ಕುದುರೆ, ಘೇಂಡಾಮೃಗಗಳ ಬಂಧುವಿಗೆ ಪಂಜವೂ ಇರಬಹುದು ಅಂತ ಒಪ್ಪಬೇಕಾಯಿತು. ಕೊಂಬೆಗಳನ್ನು ಬಾಗಿಸಿ ಎಳೆದುಕೊಳ್ಳಲು ಅದನ್ನು ಬಳಸುತ್ತಿತ್ತು ಅನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ನನ್ನ ಬಳಿ ಬರುವ ಮಕ್ಕಳು ಈ ತುಂಡನ್ನು ಕೆಳಗೆ ಇಡುವುದೇ ಇಲ್ಲ.

ಗುಣಮಟ್ಟದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ರೆಸಿನ್ ಗಟ್ಟಿ ಇದೆ, ಕೈಯಲ್ಲಿ ತೂಕ ಅನ್ನಿಸುತ್ತದೆ. ಅಚ್ಚಿನ ಎರಡು ಭಾಗ ಸೇರುವ ಗೆರೆ ಕಾಲುಗಳಲ್ಲಿ ಕಾಣುತ್ತದೆ, ಹಲ್ಲುಗಳಲ್ಲಿ ಉಜ್ಜಿ ತೆಗೆದಿದ್ದಾರೆ. ಮೀಸೋಹಿಪ್ಪಸ್ ಬುರುಡೆಯ ಒಳಬದಿಯಲ್ಲಿ ಗಾಳಿ ಗುಳ್ಳೆಯ ಸಣ್ಣ ತೂತುಗಳಿವೆ. ನನಗೆ ಬಂದ ಸೆಟ್‌ನಲ್ಲಿ ಮೆರಿಕಿಪ್ಪಸ್‌ನ ಒಂದು ಪಕ್ಕದ ಬೆರಳು ದಾರಿಯಲ್ಲಿ ಮುರಿದಿತ್ತು. ಫೋಟೋ ಕಳಿಸಿದ ಮೇಲೆ ಬದಲಿ ಕಾಲು ಕಳಿಸಿದರು, ಚರ್ಚೆ ಇಲ್ಲದೆ. ಆದರೆ ಅಷ್ಟು ಸಣ್ಣ ಬೆರಳಿಗೆ ಸುತ್ತ ಸ್ಪಂಜು ಇಡಬೇಕಿತ್ತು. ಸುಮ್ನೆ ಕಾಗದ ಸುತ್ತಿದ್ದರು. ಚೀಟಿಯ ತಪ್ಪುಗಳ ಬಗ್ಗೆಯೂ ಬರೆದಿದ್ದೆ, ಅದಕ್ಕೆ ಮಾತ್ರ ಉತ್ತರ ಇಲ್ಲ.

ಇದರ ಬದಲು ಅಸಲಿ ಪಳೆಯುಳಿಕೆ ಹಲ್ಲನ್ನೇ ಕೊಳ್ಳಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ. ಯಾವ ಜಾಗದ ಯಾವ ಪದರದಲ್ಲಿ ಸಿಕ್ಕಿತು ಅನ್ನುವ ದಾಖಲೆ ಇಲ್ಲದ ಹಲ್ಲು ವಿಜ್ಞಾನಕ್ಕೆ ಹೆಚ್ಚುಕಮ್ಮಿ ಸತ್ತ ಹಾಗೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಜಮೀನಿನಿಂದ ಬೆನ್ನುಮೂಳೆ ಪ್ರಾಣಿಗಳ ಪಳೆಯುಳಿಕೆಯನ್ನು ಪರವಾನಗಿ ಇಲ್ಲದೆ ತೆಗೆಯುವುದು ಕಾನೂನಿಗೆ ವಿರುದ್ಧ, 2009ರ ಕಾಯ್ದೆ ಅದನ್ನು ಇನ್ನೂ ಬಿಗಿ ಮಾಡಿದೆ. ಕೊಳ್ಳುವವರು ಇದ್ದಷ್ಟೂ ಕದ್ದು ಅಗೆಯುವವರು ಇರುತ್ತಾರೆ. ಅಚ್ಚಿನಲ್ಲಿ ಅಸಲಿಯ ಪ್ರತಿ ಏಣೂ ಇದೆ, ಅಸಲಿ ಮಾತ್ರ ಸಂಗ್ರಹಾಲಯದಲ್ಲಿ ಎಲ್ಲರಿಗೂ ಉಳಿಯುತ್ತದೆ. ಇನ್ನೊಂದು ದಾರಿ ಮೂರು ಆಯಾಮದ ಸ್ಕ್ಯಾನ್. ಮಾರ್ಫೋಸೋರ್ಸ್‌ನಂಥ ತಾಣಗಳಲ್ಲಿ ಸಂಗ್ರಹಾಲಯಗಳ ಸ್ಕ್ಯಾನ್‌ಗಳು ಸಿಗುತ್ತವೆ, ಕೆಲವನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಕಾಲಿನ ಮೂಳೆಗಳಿಗೆ ಅದು ಸಾಕು. ಹಲ್ಲಿಗೆ ಸಾಲದು. ಸಾಧಾರಣ ಪ್ರಿಂಟರಿನ ಪದರದ ಗೆರೆಗಳು ಎನಾಮೆಲ್ ಏಣುಗಳ ಜೊತೆ ಬೆರೆತುಹೋಗಿ ಯಾವುದು ಹಲ್ಲು, ಯಾವುದು ಮುದ್ರಣ ಅಂತಲೇ ತಿಳಿಯುವುದಿಲ್ಲ.

ಪೂರ್ತಿ ಸೆಟ್ ಬೇಡ ಅನ್ನುವವರು ಐದು ಹಲ್ಲುಗಳನ್ನು ಬಿಡಿಯಾಗಿ ತರಿಸಿ, ಜೊತೆಗೆ ಘೇಂಡಾಮೃಗದ ಹಲ್ಲು ಮತ್ತು ಕ್ಯಾಲಿಕೋಥೀರ್ ಪಂಜ ಸೇರಿಸಿಕೊಳ್ಳಿ. ಕಾಲು ಒಂದೇ ಬೇಕು ಅಂದರೆ ಮೆರಿಕಿಪ್ಪಸ್‌ದು. ಎರಡು ಬೇಕು ಅಂದರೆ ಅದರ ಜೊತೆ ಟೇಪಿರ್‌ದು, ಯಾಕೆಂದರೆ ಅದು ಇಯೋಹಿಪ್ಪಸ್ ಕಾಲಿನ ಕೆಲಸವನ್ನೂ ಮಾಡುತ್ತದೆ. ಪೂರ್ತಿ ಸೆಟ್ ತರಿಸಿದವರು ಹಲಗೆಯ ಸ್ಕ್ರೂ ಬಿಚ್ಚುವಾಗ ಮೆಲ್ಲಗೆ ತಿರುಗಿಸಿ. ಇಯೋಹಿಪ್ಪಸ್ ಕಾಲಿನ ತಳದಲ್ಲಿ ಕೂರಿಸಿರುವ ಹಿತ್ತಾಳೆ ತಿರುಪು ರೆಸಿನ್ ಸಮೇತ ಕಿತ್ತು ಬರುವಷ್ಟು ಬಿಗಿಯಾಗಿದೆ.